ಮತ್ತಿಕೊಪ್ಪದ ಗುಡ್ಡಮ್ಮ ಕೊಡ ಇಳಿಸಿದ್ದು

ಮತ್ತಿಕೊಪ್ಪದಲ್ಲಿ ಗುಡ್ಡಮ್ಮನನ್ನು ಹೆದರಿಸಿದವರು ಯಾರೂ ಇರಲಿಲ್ಲ. ಹೆದರಿಸಲೆಂದು ಹೋಗಿ, ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಹೋದ ಕೆಲಸ ಮರೆತು ಬಂದವರು ಮಾತ್ರ ಬಹಳ ಮಂದಿ ಇದ್ದರು. ಸೊರಬದಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುವ, ಹಿಡಿಯದಿದ್ದರೆ ಅಲ್ಲೊಂದು ಊರಿದೆಯೆಂದು ಡ್ರೈವರನಿಗೆ ನೆನಪೇ ಆಗದ ಹಳ್ಳಿ ಅದು. ಅಂಥ ಊರಿನಲ್ಲಿ ಒಬ್ಬ ಹೆಂಗಸಿನ ಮಾತಿಗೆ ತೂಕ ಬರಬೇಕಾದರೆ ಅವಳು ದೊಡ್ಡ ಮನೆಯವಳಾಗಿರಬೇಕು, ಇಲ್ಲವೇ ದೊಡ್ಡ ಬಾಯಿಯವಳಾಗಿರಬೇಕು. ಗುಡ್ಡಮ್ಮ ಎರಡೂ ಅಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ, ಅಷ್ಟೆ.

ಹುಟ್ಟಿದ್ದು ಹೊಸಬಾಳೆಯಲ್ಲಿ, ಗೇಯುವವರ ಮನೆಯಲ್ಲಿ. ಮದುವೆಯಾಗಿ ಮತ್ತಿಕೊಪ್ಪಕ್ಕೆ ಬಂದಾಗ ಗದ್ದೆ ಕೆಲಸದ ಜೊತೆ ಇನ್ನೊಂದು ವಿದ್ಯೆಯನ್ನೂ ತಂದಳು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಗೆರೆ ಎಳೆದು ಬರೆಯುವ ಹಸೆ ಚಿತ್ತಾರ ಅದು. ಅವಳ ಜನರಲ್ಲಿ ಆ ಹಸೆಯ ಮುಂದೆ ಕೂತರೆ ಮಾತ್ರ ಹುಡುಗಿ ಮದುವಣಗಿತ್ತಿ; ಇಲ್ಲದಿದ್ದರೆ ಹೊಸ ಸೀರೆ ಉಟ್ಟ ಹುಡುಗಿ. ಗುಡ್ಡಮ್ಮ ಗೆರೆ ಎಳೆದರೆ ದಾರ ಹಿಡಿದು ಎಳೆದ ಹಾಗೆ ಇರುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣು ಗೊತ್ತಾದ ಕೂಡಲೇ ಚಪ್ಪರದವನಿಗಿಂತ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು.

ಗಂಡ ಪುಟ್ಟಪ್ಪ ಊರ ಚೌಡಮ್ಮನ ಪೂಜಾರಿ. ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವನೆಂದರೆ, ಯಾರು ಏನು ಕೇಳಿದರೂ 'ಹೂಂ' ಎನ್ನುತ್ತಿದ್ದ. ಉಳುಮೆಗೆ ಎತ್ತು ಕೇಳಿದವನಿಗೆ ಹೂಂ, ಅದೇ ದಿನಕ್ಕೆ ಅದೇ ಎತ್ತು ಕೇಳಿದ ಇನ್ನೊಬ್ಬನಿಗೂ ಹೂಂ. ಆ ಹೂಂಗಳನ್ನೆಲ್ಲ ಸಂಭಾಳಿಸಿ ದಡ ಹತ್ತಿಸುವುದೇ ಗುಡ್ಡಮ್ಮನ ಸಂಸಾರವಾಗಿತ್ತು. ಅವರಿಗೆ ಇದ್ದವಳು ಒಬ್ಬಳೇ ಮಗಳು, ಹೂವಮ್ಮ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಸುಗ್ಗಿ ಮುಗಿದ ಮೇಲೆ, ಸರ್ಕಾರ ಮತ್ತಿಕೊಪ್ಪಕ್ಕೆ ಬಂತು. ಓವರ್ಸಿಯರ್ ವಾಮನರಾವ್ ಎಂಬ ಹುಡುಗನ ರೂಪದಲ್ಲಿ ಬಂತು. ಹೆಸರು ವಾಮನ, ಆಳು ಮಾತ್ರ ಬಾಗಿಲಿಗೆ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಪಂಚವಾರ್ಷಿಕ ಯೋಜನೆಯಲ್ಲಿ ಈ ಭಾಗದ ರೈತರಿಗೆಂದು ಒಂದು ಕಟ್ಟಡ ಮಂಜೂರಾಗಿದೆ, ಒಂದು ಕಡೆ ಬೀಜ ಗೊಬ್ಬರದ ಗೋದಾಮು, ಇನ್ನೊಂದು ಕಡೆ ಕಚೇರಿ, ರಸ್ತೆಗೆ ಹತ್ತಿರ ಎತ್ತರದ ಸರ್ಕಾರಿ ಜಾಗ ಬೇಕು ಎಂದ. ರಸ್ತೆಗೆ ಹತ್ತಿರ ಎತ್ತರದ ಸರ್ಕಾರಿ ಜಾಗ ಊರಿನಲ್ಲಿ ಇದ್ದದ್ದು ಒಂದೇ. ಅಲ್ಲಿ ಮತ್ತಿಮರದ ಕೆಳಗೆ, ಹೆಂಚಿನ ಸಣ್ಣ ಗುಡಿಯಲ್ಲಿ ಚೌಡಮ್ಮ ಕೂತಿದ್ದಳು.

ಊರು ಗುಜುಗುಜು ಎಂದಿತು. ಪಟೇಲ ವೀರಬಸಪ್ಪ ಮೀಸೆ ತಿರುವುತ್ತ ಕೂತ. ಆಗ ಹೆಂಗಸರ ಕಡೆಯಿಂದ ಮಾತಾಡಿದವಳು ಗುಡ್ಡಮ್ಮನೇ. ಅವಳಿಗೆ ಆ ಕಟ್ಟಡ ಬೇಕಿತ್ತು. ಬೀಜಕ್ಕೆಂದು ಶಿರಾಳಕೊಪ್ಪದ ಸಂತೆಗೆ ಹೋಗಿ, ಜೊಳ್ಳು ತಂದು, ಮೊಳಕೆ ಬಾರದ ಮಡಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತವರಲ್ಲಿ ಅವಳೂ ಒಬ್ಬಳು.

"ಕಟ್ಟಡ ಬರ್ಲಿ ಸ್ವಾಮಿ, ನಾವೆಂತಕ್ಕೆ ಬ್ಯಾಡ ಅಂಬಣ? ಅಮ್ಮನ್ನ ಎಲ್ಲಿ ಕೂರಿಸ್ತೀರಿ, ಅದನ್ನ ಮೊದ್ಲು ಹೇಳಿ."

"ಅದೇ ಜಾಗದ ಮೂಲೆಯಲ್ಲಿ ಕೂರಿಸೋಣಮ್ಮ. ಕಟ್ಟಡ ಮುಗೀತಿದ್ದ ಹಾಗೇ ಚಿಕ್ಕದಾಗಿ ಒಂದು ಗುಡಿ ನಾನೇ ಮುಂದೆ ನಿಂತು ಕಟ್ಟಿಸ್ತೀನಿ" ಎಂದ ವಾಮನರಾವ್. ಸುಳ್ಳು ಹೇಳುವ ಮುಖವಲ್ಲ ಅದು. ಅವನು ಹಾಗೆ ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. ಹೊಸದಾಗಿ ನೌಕರಿಗೆ ಸೇರಿದವರ ಕಷ್ಟವೇ ಇದು, ತಮ್ಮ ಮಾತು ಸರ್ಕಾರದ ಮಾತೆಂದು ಅವರು ನಂಬಿರುತ್ತಾರೆ.

ಅಮ್ಮನ ಅಪ್ಪಣೆ ಕೇಳಬೇಕಾಯಿತು. ಕಲ್ಲಿನ ನೆತ್ತಿಗೆ ಹೂವು ಏರಿಸಿ, "ಬಗಲಿಗೇ ಕೂರಿಸ್ತೀವಿ ತಾಯಿ, ಒಪ್ಪಿಗೆ ಆದ್ರೆ ಬಲಕ್ಕೆ ಕೊಡು" ಎಂದು ಪುಟ್ಟಪ್ಪ ಬೇಡಿಕೊಂಡ. ಬಹಳ ಹೊತ್ತಿನ ಮೇಲೆ ಬಲಗಡೆಯ ಹೂವು ಜಾರಿತು. ಊರು ಉಸಿರು ಬಿಟ್ಟಿತು. ಪುಟ್ಟಪ್ಪ ಅಮ್ಮನ ಕಳೆಯನ್ನು, ಎಂದರೆ ಕಲ್ಲಿನೊಳಗಿನ ಅವಳ ಶಕ್ತಿಯನ್ನು, ಕಲ್ಲಿನಿಂದ ತೆಗೆದು ತಾಮ್ರದ ಕೊಡದ ನೀರಿಗೆ ಇಳಿಸಿದ. ಕಳೆ ಇಳಿದ ಮೇಲೆ ಕಲ್ಲು ಬರಿಯ ಕಲ್ಲು. ಅದನ್ನು ಹುಲ್ಲು ಸುತ್ತಿ ಪುಟ್ಟಪ್ಪನ ಹಿತ್ತಲಿಗೆ ಸಾಗಿಸಿದರು. ಕೊಡ ಅವನ ಮನೆಯ ನಡುಮನೆಗೆ ಬಂತು. ಮರುದಿನ ಕೂಲಿಯವರು ಗುಡಿ ಬಿಚ್ಚಿದರು. ಮೊದಲ ಹೆಂಚು ತೆಗೆದುಕೊಟ್ಟವನು ಪುಟ್ಟಪ್ಪನೇ. ಯಾರೋ 'ತೆಗೀತೀಯಾ' ಎಂದಿದ್ದರು, ಇವನು 'ಹೂಂ' ಎಂದಿದ್ದ. ಅವತ್ತು ಅವನು ಊಟ ಮಾಡಲಿಲ್ಲ.

ಕೊಡ ಮನೆಗೆ ಬಂದ ಮೇಲೆ ಮತ್ತಿಕೊಪ್ಪದವರ ಲೆಕ್ಕದಲ್ಲಿ ಅಮ್ಮ ತವರಿಗೆ ಬಂದ ಹಾಗೆ. ಆ ಮನೆಗೆ ಅವಳು ದೊಡ್ಡ ಮಗಳು. ಒಲೆಯ ಮೇಲೆ ಮೀನು ಏಡಿ ಏರುವಂತಿಲ್ಲ. ಏಡಿ ಸಾರು ಎಂದರೆ ಪ್ರಾಣ ಬಿಡುತ್ತಿದ್ದ ಪುಟ್ಟಪ್ಪ ಪಕ್ಕದ ಲೋಕಮ್ಮನ ಮನೆಯ ಹಿಂಬಾಗಿಲಲ್ಲಿ ಕೂತು ಕದ್ದು ಉಣ್ಣುವ ಹಾಗಾಯಿತು. ಅದೇನೋ ನಡೆದುಹೋಗುತ್ತದೆ. ಇನ್ನೊಂದು ಕಟ್ಟಳೆ ಇತ್ತು, ಅದು ನಡೆದುಹೋಗುವಂಥದಲ್ಲ. ದೊಡ್ಡ ಮಗಳನ್ನು ಮಡಿಲು ತುಂಬಿ ಅವಳ ಜಾಗಕ್ಕೆ ಕಳಿಸುವ ತನಕ ಆ ಮನೆಯ ಗೋಡೆಯ ಮೇಲೆ ಇನ್ನೊಂದು ಹೆಣ್ಣಿನ ಹಸೆ ಬರೆಯುವಂತಿಲ್ಲ. ಗುಡ್ಡಮ್ಮನಿಗೆ ಇದು ಗೊತ್ತಿತ್ತು. ಹೂವಮ್ಮನಿಗೆ ಆಗಿನ್ನೂ ಗಂಡು ನೋಡಿರಲಿಲ್ಲ. ಒಂದು ಮಳೆಗಾಲ ಕಳೆದರೆ ಕಟ್ಟಡ ಮುಗಿಯುತ್ತದೆ, ಅಮ್ಮ ಹೋಗುತ್ತಾಳೆ ಎಂದುಕೊಂಡಿದ್ದಳು. ಸರ್ಕಾರದ ಮಳೆಗಾಲ ಊರ ಮಳೆಗಾಲಕ್ಕಿಂತ ಉದ್ದ ಎಂದು ಅವಳಿಗೆ ಹೇಳಿದವರು ಯಾರು?

ಕಟ್ಟಡ ಮೆಲ್ಲಗೆ ಎದ್ದಿತು. ಸಿಮೆಂಟು ಬಂದರೆ ಮೇಸ್ತ್ರಿ ಇಲ್ಲ, ಮೇಸ್ತ್ರಿ ಬಂದರೆ ಕಬ್ಬಿಣ ಇಲ್ಲ. ವಾಮನರಾವ್ ಶಿಕಾರಿಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದ. ಮಧ್ಯಾಹ್ನ ಗುಡ್ಡಮ್ಮನ ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಿದ್ದ. ಅವಳು ಉಪ್ಪಿನಕಾಯಿ ಹಾಕುತ್ತಿದ್ದಳು. ಒಂದು ದಿನ ಅವನು ಬಣ್ಣದ ಪಟಗಳಿದ್ದ ರಷ್ಯಾದ ಪತ್ರಿಕೆಯೊಂದನ್ನು ತಂದು ತೋರಿಸಿದ. ಬೆಟ್ಟದಂಥ ಬಿಳಿ ಕಟ್ಟಡ, ಮುಂದೆ ಸಾಲು ಕಂಬ, ನೆತ್ತಿಯ ಮೇಲೆ ನಕ್ಷತ್ರ.

"ಇದು ಅಲ್ಲಿಯ ಸರ್ಕಾರಿ ಭವನ. ಮೊದಲು ಈ ಜಾಗದಲ್ಲಿ ಇಗರ್ಜಿ, ಅಂದ್ರೆ ಅವರ ಗುಡಿ, ಇತ್ತಂತೆ. ಪತ್ರಿಕೆಯಲ್ಲಿ ಬರೆದಿಲ್ಲ, ಬೆಂಗಳೂರಲ್ಲಿ ನನ್ನ ಗೆಳೆಯ ಹೇಳ್ದ. ಅಂಥವು ಎಷ್ಟೋ ಕೆಡವಿ ಇಂಥವು ಕಟ್ಟಿದ್ದಾರಂತೆ. ಒಂದು ದೇಶ ಮುಂದೆ ಬರೋದು ಅಂದ್ರೆ ಹೀಗೆ ಗುಡ್ಡಮ್ಮ."

ಗುಡ್ಡಮ್ಮ ಪಟವನ್ನು ಬೆಳಕಿಗೆ ಹಿಡಿದು ನೋಡಿದಳು. ಕಟ್ಟಡ ಚೆನ್ನಾಗಿದೆ ಎಂದಳು. ಆಮೇಲೆ ಕೇಳಿದಳು:

"ಅಲ್ಲಿದ್ದ ದೇವ್ರು ಈಗ ಯಾರ ಮನೇಲಿ ಅದಾನೆ?"

ವಾಮನರಾವ್ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಅವಳು ತಮಾಷೆಗೆ ಕೇಳಿರಲಿಲ್ಲ. ಗುಡಿ ಬಿಚ್ಚಿದ ಮೇಲೆ ದೇವರು ಯಾರದೋ ನಡುಮನೆಯಲ್ಲಿ ಇರಲೇಬೇಕು, ಅಲ್ಲೊಬ್ಬಳು ದಿನವೂ ದೀಪ ಹಚ್ಚುತ್ತಿರಲೇಬೇಕು ಎಂದು ಅವಳು ತಿಳಿದಿದ್ದಳು. ದೂರದ ಯಾವುದೋ ಊರಿನ ಆ ಹೆಂಗಸಿನ ಮೇಲೆ ಅವಳಿಗೆ ಮರುಕ ಬಂದಿತ್ತು.

"ಅದು ಗೊತ್ತಿಲ್ಲ ಗುಡ್ಡಮ್ಮ" ಎಂದ ಓವರ್ಸಿಯರ್.

"ಕೇಳಿ ನೋಡಿ ನಿಮ್ಮ ಗೆಳೆಯನ್ನ" ಎಂದು ಅವಳು ಎದ್ದು ಒಳಗೆ ಹೋದಳು.

ಆ ಪಟ ವಾಮನರಾವ್‌ನ ತಲೆಯಲ್ಲಿ ಕೂತುಬಿಟ್ಟಿತು. ಕಚೇರಿಯ ಮುಂದೆ ಎರಡು ದಪ್ಪ ಕಂಬ ಎದ್ದವು. ಅವು ಯಾವುದನ್ನೂ ಹೊತ್ತಿರಲಿಲ್ಲ, ಸುಮ್ಮನೆ ದೊಡ್ಡಸ್ತಿಕೆಗೆ ನಿಂತಿದ್ದವು. ಊರ ಎಮ್ಮೆಗಳಿಗೆ ಬೆನ್ನು ಉಜ್ಜಿಕೊಳ್ಳಲು ಅನುಕೂಲವಾಯಿತು.

ಈ ನಡುವೆ ಹೂವಮ್ಮನಿಗೆ ಸಂಬಂಧ ಬಂತು. ಶಿಕಾರಿಪುರದ ಕಡೆಯ ಅಂಬ್ಲಿಗೊಳದಿಂದ ಕೆಂಪಪ್ಪ ಮತ್ತು ಅವನ ಹೆಂಡತಿ ತುಂಗಮ್ಮ ಬಂದು ಹುಡುಗಿಯನ್ನು ನೋಡಿದರು. ಅವರ ಮಗ ಗೋಪಾಲಪ್ಪ ಕೂಡ ಬಂದಿದ್ದ. ಹುಡುಗ ಹೂವಮ್ಮನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಹೂವಮ್ಮ ಹುಡುಗನನ್ನು ನೋಡಿದಳು, ನೋಡಿ ಒಳಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ತೊಳೆದಳು. ತಾಯಿಗೆ ಅಷ್ಟು ಸಾಕಾಯಿತು. ಮಾತು ಮುಗಿಯಿತು, ವೀಳ್ಯ ಬದಲಾಯಿತು. ಅಮ್ಮ ಹೊರಟ ಕೂಡಲೇ ಹಸೆ ಬರೆದು ಮದುವೆ ಎಂದು ಗುಡ್ಡಮ್ಮ ಹೇಳಿದಳು, ತುಂಗಮ್ಮ ಒಪ್ಪಿದಳು.

ಒಂದು ಮದುವೆಯ ಕಾಲ ಹೋಯಿತು. ಕಟ್ಟಡದ ಮೇಲೆ ಹೆಂಚು ಏರಲಿಲ್ಲ. ಗುಡ್ಡಮ್ಮ ಊರವರ ಮಕ್ಕಳಿಗೆಲ್ಲ ಹಸೆ ಬರೆದು ಬಂದಳು. ಹೂವಮ್ಮನ ಓರಗೆಯವರೆಲ್ಲ ಗಂಡನ ಮನೆ ಸೇರಿದರು. ಹುಡುಗಿ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಬೆಳಗ್ಗೆ ಕೊಡದ ಮುಂದೆ ದೀಪ ಹಚ್ಚುವುದು ಅವಳ ಕೆಲಸ. ಹಚ್ಚಿ, ಒಂದು ಗಳಿಗೆ ಹಾಗೇ ನಿಂತು ಬರುತ್ತಿದ್ದಳು. ಏನು ಬೇಡಿಕೊಳ್ಳುತ್ತಿದ್ದಳೋ ತಾಯಿ ಕೇಳಲಿಲ್ಲ.

ಸಲಹೆ ಕೊಡುವವರಿಗೆ ಎಲ್ಲಿಯ ಬರ? ನಿನ್ನ ಅಣ್ಣನ ಮನೆಯಲ್ಲಿ, ಹೊಸಬಾಳೆಯಲ್ಲಿ ಮದುವೆ ಮಾಡಿ ಮುಗಿಸು ಎಂದಳು ಲೋಕಮ್ಮ.

"ನನ್ನ ಮಗಳಿಗೆ ಮನೆ ಇಲ್ವನೇ? ಊರ ಹುಡುಗೀರ ಗೋಡೆಗೆಲ್ಲ ಬರ್ದ ಕೈ ಇದು. ನನ್ನ ಮಗಳು ಬ್ಯಾರೆಯವ್ರ ಗೋಡೆ ಮುಂದೆ ಕೂರದಾ?"

"ಹಂಗಾರೆ ಕೊಡನ ನಮ್ಮನೆಗೆ ಕಳಿಸು, ಒಂದು ವಾರ ಇಟ್ಕಳ್ತೀನಿ."

"ಮದಿವೆ ಮಾಡಕ್ಕೆ ಅಡ್ಡ ಅಂತ ದೊಡ್ಡ ಮಗಳನ್ನ ನೆರೆಮನೆಗೆ ದಬ್ಬೂದು ಉಂಟಾ ಲೋಕಮ್ಮ?"

ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಗೆ ಕಟ್ಟಡಕ್ಕೆ ಸುಣ್ಣ ಬಿತ್ತು, ಬೋರ್ಡು ಬಂತು. ಗುಡ್ಡಮ್ಮ ಓವರ್ಸಿಯರನ ಎದುರು ನಿಂತು ಗುಡಿಯ ಮಾತು ಎತ್ತಿದಳು. ಅವನು ನೆಲ ನೋಡಿದ.

"ಮೇಲಿನವರಿಗೆ ಬರೆದಿದ್ದೆ ಗುಡ್ಡಮ್ಮ. ಸರ್ಕಾರಿ ಆವರಣದಲ್ಲಿ ಗುಡಿ ಆಗೋಲ್ಲ ಅಂದ್ರು. ನಕ್ಷೆಯಲ್ಲಿ ಅದು ಇಲ್ಲ."

"ಆ ಕಂಬ ಎರಡು ನಕ್ಷೇಲಿ ಇದ್ವಾ ಸ್ವಾಮಿ?"

ವಾಮನರಾವ್‌ನ ಕಿವಿ ಕೆಂಪಾಯಿತು. ಇರಲಿಲ್ಲ ಎಂದು ಒಪ್ಪಿಕೊಂಡ. ಅಷ್ಟು ಪ್ರಾಮಾಣಿಕತೆ ಅವನಲ್ಲಿತ್ತು, ಅದಕ್ಕಿಂತ ಹೆಚ್ಚಿನ ಧೈರ್ಯ ಇರಲಿಲ್ಲ. ಗುಡ್ಡಮ್ಮ ಗಂಡನನ್ನು ಎಳೆದುಕೊಂಡು ಶಿಕಾರಿಪುರಕ್ಕೂ ಹೋಗಿ ಓವರ್ಸಿಯರನ ಮೇಲಿನವರನ್ನು ಕಂಡಳು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ "ನೋಡೋಣ" ಎಂದರು. ಪುಟ್ಟಪ್ಪ ಕೈ ಮುಗಿದು "ಹೂಂ" ಎಂದ. ಬಸ್ಸಿನಲ್ಲಿ ವಾಪಸು ಬರುವಾಗ ಗುಡ್ಡಮ್ಮ ಅವನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತಳು.

ಮನೆಗೆ ಬಂದರೆ ಜಗಲಿಯ ಮೇಲೆ ತುಂಗಮ್ಮ ಕೂತಿದ್ದಳು. ಕೈಗೆ ಕೊಟ್ಟ ಬೆಲ್ಲ ನೀರು ಹಾಗೇ ಇತ್ತು.

"ನೋಡ್ರಿ, ನಾನು ಒರಟು ಮಾತಾಡಾಕೆ ಬಂದಿಲ್ಲ. ನನ್ನ ಮಗನ ವಾರಿಗೀರ್ಗೆಲ್ಲ ಮಕ್ಕಳಾದ್ವು. ಮಂದಿ ನಗ್ತಾರ್ರಿ. ನಿಮ್ಮೂರ ಆಫೀಸು ಚೈತ್ರದಾಗ ತೆರೀತಾರಂತಲ್ಲ, ಆವತ್ತು ಬರ್ತೀನಿ. ಆವತ್ತು ಅಮ್ಮ ಕುಂತರೆ ಸರಿ. ಇಲ್ಲಾಂದ್ರೆ ನಾವು ಬ್ಯಾರೆ ಕಡೆ ನೋಡ್ಕಂತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಗುಡ್ಡಮ್ಮ ಒಮ್ಮೆ ಒಳಗಿನ ಕತ್ತಲೆಯ ಕಡೆ ನೋಡಿ, "ಬನ್ನಿ ಆವತ್ತು. ಅಮ್ಮ ಆವತ್ತೇ ಕೂರ್ತಾಳೆ" ಎಂದಳು. ಎಲ್ಲಿ, ಹೇಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಆದರೆ ಮಾತು ಬಾಯಿಂದ ಆಚೆ ಬಿದ್ದಾಗಿತ್ತು.

ಉದ್ಘಾಟನೆಯ ಬೆಳಿಗ್ಗೆ ಕಚೇರಿಯ ಮುಂದೆ ಮಾವಿನ ತೋರಣ, ಬಣ್ಣದ ಕಾಗದ, ಶಾಮಿಯಾನ. ಗುಡ್ಡಮ್ಮ ತಲೆಗೆ ಮಿಂದು, ಕೊಡಕ್ಕೆ ಹೊಸ ರವಿಕೆ ಕಣ ಸುತ್ತಿ, ಅಕ್ಕಿ, ಕಾಯಿ, ಬಳೆ, ಅರಿಶಿನ ಕುಂಕುಮ ಇಟ್ಟು ಮಡಿಲು ತುಂಬಿದಳು. ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಕೊಡ ಎತ್ತಿಸಿಕೊಂಡಳು. ಹೀಗೆ ಹೊತ್ತ ಕೊಡವನ್ನು ಅಮ್ಮನ ಜಾಗ ಮುಟ್ಟುವ ತನಕ ಎಲ್ಲಿಯೂ ಇಳಿಸುವಂತಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಬದಲಾಯಿಸುವಂತಿಲ್ಲ. ಪುಟ್ಟಪ್ಪ ಅಡ್ಡ ಬಂದ.

"ಜಾಗ ಗೊತ್ತಿಲ್ದೆ ಎತ್ತಿದೆಯಲ್ಲೇ ಮಾರಾಯ್ತಿ, ಎಲ್ಲಿ ಇಳಿಸ್ತೀಯ?"

"ಎತ್ತದಿದ್ರೆ ಇಳಿಸೂದು ಎಲ್ಲಿಂದ ಬಂತು? ನಡೀರಿ."

ಅವಳು ಹೋಗಿ ಎರಡು ಕಂಬಗಳ ನಡುವೆ, ಬಾಗಿಲ ಎದುರಿಗೆ ನಿಂತಳು. ಹಿಂದೆ ಹೂವಮ್ಮ, ಪುಟ್ಟಪ್ಪ, ಆಮೇಲೆ ಒಬ್ಬೊಬ್ಬರಾಗಿ ಊರ ಹೆಂಗಸರು. ರಸ್ತೆಯ ಆಚೆ ಮರದ ನೆರಳಲ್ಲಿ ತುಂಗಮ್ಮ ಬಂದು ನಿಂತಿದ್ದಳು. ವಾಮನರಾವ್ ಓಡಿ ಬಂದ. ಸ್ವಲ್ಪ ಪಕ್ಕಕ್ಕೆ ನಿಲ್ಲಿ, ದೊಡ್ಡ ಸಾಹೇಬರು ಬರುವ ಹೊತ್ತು ಎಂದ. ಅಮ್ಮನೂ ಬಂದಾಳೆ ಸ್ವಾಮಿ ಎಂದಳು ಗುಡ್ಡಮ್ಮ. ಪಟೇಲ ವೀರಬಸಪ್ಪ ಬಂದು, ಕೊಡವನ್ನು ಮೇಜಿನ ಮೇಲಾದರೂ ಇಡು, ಕುತ್ತಿಗೆ ಮುರಿದೀತು ಎಂದ. "ಮೇಜು ಅಮ್ಮನ ಜಾಗನಾ ಗೌಡ್ರೇ?" ಎಂದು ಕೇಳಿದಳು. ಅವನು ಮೀಸೆಗೆ ಕೈ ಹಾಕಿ ಹಿಂದೆ ಸರಿದ.

ಬಿಸಿಲು ಏರಿತು. ಜೀಪು ಬರಲಿಲ್ಲ. ಅವಳು ನಿಂತೇ ಇದ್ದಳು. ಕತ್ತಿನ ನರ ಬಿಗಿದು, ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿತ್ತು. ಹೂವಮ್ಮ ಸೆರಗಿನಿಂದ ಒರೆಸುತ್ತಿದ್ದಳು. ಬಾಗಿಲ ಮುಂದೆ ನಿಲ್ಲುವುದು ಗುಡ್ಡಮ್ಮನಿಗೆ ಹೊಸದಲ್ಲ. ಅವಳು ಮದುವೆಯಾಗಿ ಬಂದ ದಿನ ಅತ್ತೆ ಕಳೆ ಕೀಳಲು ಗದ್ದೆಗೆ ಹೋಗಿದ್ದಳು. ಬಾ ಎನ್ನುವವರು ಯಾರೂ ಇಲ್ಲದೆ, ಕೈಯಲ್ಲಿ ಮಡಿಲಕ್ಕಿ ಹಿಡಿದು, ಹೊಸ ಮನೆಯ ಬಾಗಿಲಲ್ಲಿ ಮಧ್ಯಾಹ್ನದವರೆಗೂ ನಿಂತಿದ್ದಳು. ಅತ್ತೆ ಕೆಟ್ಟವಳಲ್ಲ, ಮರೆತಿದ್ದಳು. ಆದರೆ ಆ ಹೊತ್ತಿನ ಅವಮಾನ ಗುಡ್ಡಮ್ಮನ ಎದೆಯಿಂದ ಕರಗಿರಲಿಲ್ಲ.

ಕೊನೆಗೆ ಜೀಪು ಬಂತು. ದೊಡ್ಡ ಸಾಹೇಬರು ವಯಸ್ಸಾದವರು, ಕೋಟು ಪೇಟದವರು, ಬಿಸಿಲಿಗೆ ಬಾಡಿದ್ದರು. ಎದುರಿಗೆ ಕೊಡ ಹೊತ್ತ ಹೆಂಗಸನ್ನು ನೋಡಿ, ಪೂರ್ಣಕುಂಭದ ಸ್ವಾಗತವೆಂದು ತಿಳಿದು ಸಂತೋಷದಿಂದ ಕೈ ಮುಗಿದರು. ವಾಮನರಾವ್ ಅವರ ಕಿವಿಯಲ್ಲಿ ವಿಷಯ ಹೇಳಿದ. ಮುಗಿದ ಕೈ ಕೆಳಗಿಳಿಯಿತು.

"ಏನಮ್ಮ ಇದು?"

"ಸ್ವಾಮಿ, ಇದು ಇವಳ ಜಾಗ. ಬಗಲಿಗೆ ಕೂರಿಸ್ತೀವಿ ಅಂತ ಮಾತು ಕೊಟ್ಟು ಎಬ್ಬಿಸಿದ್ದು. ಗುಡಿ ಕಟ್ಟಿಸಿಕೊಡಿ ಅಂತ ನಾನು ಕೇಳದಿಲ್ಲ. ಕಲ್ಲು ಅದೆ, ಮರದ ನೆರಳು ಅದೆ. ಈ ಮನೆ ಯಜಮಾನ್ರು ಒಂದು ಮಾತು 'ಬಾ' ಅಂದ್ರೆ ಸಾಕು, ಇಳಿಸಿ ಹೋಗ್ತೀನಿ. ಯಜಮಾನ್ರು ಯಾರು?"

ಸಾಹೇಬರು ಓವರ್ಸಿಯರನನ್ನು ನೋಡಿದರು. ಓವರ್ಸಿಯರ್, ನಾನು ಕಟ್ಟಿಸಿದವನು ಮಾತ್ರ ಎಂದ. ಕಚೇರಿಗೆ ಬರಲಿದ್ದ ಗುಮಾಸ್ತ, ನಾನಿನ್ನೂ ಚಾರ್ಜು ತೆಗೆದುಕೊಂಡಿಲ್ಲ ಎಂದ. ಪಟೇಲ, ಇದು ಊರಿನದಲ್ಲ, ಸರ್ಕಾರದ್ದು ಎಂದ. ಸರ್ಕಾರ ಎಂದರೆ ಯಾರು ಎಂದು ಗುಡ್ಡಮ್ಮ ಸಾಹೇಬರನ್ನೇ ಕೇಳಿದಳು. ನಾನಲ್ಲಮ್ಮ, ನನ್ನ ಮೇಲಿನವರು ಶಿವಮೊಗ್ಗದಲ್ಲಿದ್ದಾರೆ, ಅವರ ಮೇಲಿನವರು ಬೆಂಗಳೂರಿನಲ್ಲಿದ್ದಾರೆ ಎಂದರು ಅವರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಇಷ್ಟು ದೊಡ್ಡ ಬಾಗಿಲಿನ ಹೊಸ ಮನೆ, ಒಳಗೆ ಬಾ ಎನ್ನಲು ಒಬ್ಬ ಯಜಮಾನ ಇಲ್ಲ! ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಸಾಹೇಬರು ಕಟುಕರಲ್ಲ. ಕೊಡದ ಕೆಳಗೆ ನಡುಗುತ್ತಿದ್ದ ಆ ಕತ್ತನ್ನು ಅವರು ನೋಡಿದ್ದರು. ಹತ್ತಿರ ಬಂದು ಮೆತ್ತಗೆ ಹೇಳಿದರು:

"ನೋಡಮ್ಮ, ಹೂಂ ಅನ್ನೋ ಅಧಿಕಾರ ನನಗಿಲ್ಲ. ನಾನು ರಸ್ತೆ ಕಡೆ ತಿರುಗಿ ನಿಂತ್ಕೊತೀನಿ. ಇವರೂ ಎಲ್ಲ ತಿರುಗ್ತಾರೆ. ಆ ಹಿಂದಿನ ಮೂಲೆಯಲ್ಲಿ ನೀನು ಇಳಿಸಿಕೊ. ನಾವು ಯಾರೂ ನೋಡಿಲ್ಲ."

ಹೇಳಿದಂತೆ ಮಾಡಿಯೂ ಬಿಟ್ಟರು. ಸಾಹೇಬರು, ಓವರ್ಸಿಯರ್, ಗುಮಾಸ್ತ, ಜವಾನ, ಎಲ್ಲರೂ ಸಾಲಾಗಿ ರಸ್ತೆಗೆ ಮುಖ ಮಾಡಿ ನಿಂತರು. ಊರಿನವರ ಮುಖ ಅರಳಿತು. "ಇಳ್ಸು ಇಳ್ಸು" ಎಂದಳು ಲೋಕಮ್ಮ. "ಆತಲ್ಲೇ, ನಡಿ" ಎಂದ ಪುಟ್ಟಪ್ಪ. ಅವನ ಕಣ್ಣಲ್ಲಿ ನೀರಿತ್ತು. ಮಗಳ ಮದುವೆ ಆ ಮೂಲೆಯಲ್ಲಿ ಕಾದು ಕೂತಿತ್ತು, ನಾಲ್ಕು ಹೆಜ್ಜೆ ಹಾಕಿದರೆ ಆಯಿತು.

ಗುಡ್ಡಮ್ಮ ಆ ಬೆನ್ನುಗಳ ಸಾಲನ್ನು ನೋಡಿದಳು.

"ಸ್ವಾಮಿ, ನೀವು ಒಳ್ಳೆಯವ್ರು. ಆದ್ರೆ ಬೆನ್ನು ತಿರುಗಿಸಿ ನಿಂತವ್ರ ಮನೆಗೆ ನಾನು ಮಗಳನ್ನ ಕಳಿಸದಿಲ್ಲ. ಕಳ್ಳಮಾಲಾ ಇವಳು?"

ಯಾರೂ ತಿರುಗಲಿಲ್ಲ. ಸಾಹೇಬರ ಪೇಟ ಮಾತ್ರ ಸ್ವಲ್ಪ ತಗ್ಗಿತು. ಗುಡ್ಡಮ್ಮ ಕೊಡದೊಂದಿಗೆ ಮೆಲ್ಲಗೆ ಹಿಂದಕ್ಕೆ ತಿರುಗಿ, ಕಟ್ಟಡದ ಬಗಲಿನ ಕಾಲುದಾರಿ ಹಿಡಿದಳು. ಜನ ದಾರಿ ಬಿಟ್ಟರು, ಆಮೇಲೆ ಹಿಂಬಾಲಿಸಿದರು. ಏನಾಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಕೆರೆಯ ಕೆಳಗೆ ಅವರ ಸಸಿ ಮಡಿ ಕಂಡಾಗ ಪುಟ್ಟಪ್ಪನಿಗೆ ತಿಳಿಯಿತು. ಇಡೀ ಗದ್ದೆಗೆ ಬೇಕಾದ ಭತ್ತದ ಸಸಿ ಏಳುವುದು ಆ ಒಂದೇ ಮಡಿಯಲ್ಲಿ. ಬೇಸಗೆಯಲ್ಲೂ ತೇವ ಆರದ, ಗೊಬ್ಬರ ತಿಂದು ಕಪ್ಪಾದ ಮಣ್ಣು. ಹೊಲ ಗದ್ದೆ ಎಂದು ಅವರಿಗಿದ್ದ ಅಷ್ಟರಲ್ಲಿ ಅದು ಕಣ್ಣು.

"ಅಯ್ಯೋ, ಅದೊಂದು ಬ್ಯಾಡ ಕಣೇ. ಸಸಿ ಎಲ್ಲಿ ಹಾಕಣ?"

"ಹಿತ್ಲಲ್ಲಿ ಹಾಕಣ. ಬಂದಷ್ಟು ಬರ್ಲಿ. ನೀರು ಹೊತ್ತು ಹಾಕ್ತೀನಿ."

"ಅಮ್ಮನ ಜಾಗ ಅದಲ್ಲ ಗುಡ್ಡಮ್ಮ" ಎಂದು ಹಿಂದಿನಿಂದ ಪಟೇಲ ಕೂಗಿದ. "ಹಿರಿಯರ ಕಾಲದಿಂದ ಅವಳು ಮತ್ತಿಮರದ ಬುಡದಾಗ ಇದ್ದವಳು."

"ಹೆಣ್ಣಿನ ಜಾಗ ಅಂದ್ರೆ ಬಾ ಅಂದವ್ರ ಜಾಗ ಗೌಡ್ರೇ. ಅಲ್ಲಿ ಯಾರು ಅಂದ್ರು, ನೀವು ಅಂದ್ರಾ?"

ಹಿಂದೆ ತಿರುಗದೆಯೇ ಕೇಳಿ ಅವಳು ಮುಂದೆ ನಡೆದಳು.

ಬದುವಿನ ಮೇಲೆ ಬಂದವಳು ಅಲ್ಲಿಯೇ ನಿಂತುಬಿಟ್ಟಳು. ಇಷ್ಟು ಹೊತ್ತು ಹೊಳೆಯದ ತೊಡಕು ಈಗ ಹೊಳೆದಿತ್ತು. ಕಳಿಸುವ ತಾಯಿ ಅವಳು. ಕಳಿಸುವವಳೇ ಮುಂದೆ ಹೋಗಿ ಬಾಗಿಲಲ್ಲಿ ನಿಂತು ಕರೆಯುವುದು ಹೇಗೆ? ಪುಟ್ಟಪ್ಪ ಬಾಯಿ ತೆರೆದ, ಆದರೆ ಕಳಿಸುವ ತಂದೆ ಅವನು, ಅವನೂ ಕರೆಯುವಂತಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಯಾರಿಗೂ ಆ ಮಣ್ಣಿನ ಹಕ್ಕಿರಲಿಲ್ಲ. ಬೆಳಗಿನಿಂದ ಹಲ್ಲು ಕಚ್ಚಿ ನಿಂತ ಗುಡ್ಡಮ್ಮನಿಗೆ ಮೊದಲ ಸಲ ಹೆದರಿಕೆಯಾಯಿತು.

ಹೂವಮ್ಮ ತಾಯಿಯನ್ನು ದಾಟಿ ಮಡಿಯೊಳಕ್ಕೆ ಇಳಿದಳು. ಪಕ್ಕದ ಕಾಲುವೆಯಿಂದ ಬೊಗಸೆಯಲ್ಲಿ ನೀರು ತಂದು ತಾಯಿಯ ಪಾದದ ಮೇಲೆ ಸುರಿದಳು. ಇನ್ನೊಂದು ಬೊಗಸೆ ತಂದು ಸುರಿದಳು. ಆಮೇಲೆ ಎದ್ದು, ಸೆರಗು ಹೊದ್ದು, ತಲೆ ಎತ್ತಿ ಕೊಡವನ್ನು ನೋಡಿದಳು. ತನ್ನ ಮದುವೆಗೆ ಅಡ್ಡವಾಗಿ ಇಷ್ಟು ದಿನ ನಡುಮನೆಯಲ್ಲಿ ಕೂತಿದ್ದವಳನ್ನು ನೋಡಿದಳು.

"ಬಾ ಅಕ್ಕಾ" ಎಂದಳು. "ಇದು ನಿಂದೇ ಮನೆ. ಒಳಗೆ ಬಾ."

ಸದ್ದಿಲ್ಲದ ಹುಡುಗಿ ಅವಳು. ಆ ದನಿ ಕೆರೆ ಏರಿಯವರೆಗೂ ಕೇಳಿತು. ಗುಡ್ಡಮ್ಮ ಬದುವಿನಿಂದ ಕೆಳಗೆ ಕಾಲಿಟ್ಟಳು. ಮಡಿಯ ನಡುವೆ ಬಂದು ನಿಂತಾಗ ಅವಳ ಕಣ್ಣಿನಿಂದ ನೀರು ಧಾರಾಕಾರ ಹರಿಯುತ್ತಿತ್ತು. ಮಗಳು ಇಷ್ಟು ಚೆನ್ನಾಗಿ ಒಂದು ಮನೆಯ ಯಜಮಾನ್ತಿಯ ಹಾಗೆ ಕರೆಯಬಲ್ಲಳು ಎಂದು ಆ ತಾಯಿಗೆ ಗೊತ್ತೇ ಇರಲಿಲ್ಲ.

ಕೊಡ ಇಳಿಸಲು ಕೈ ಮೇಲೆತ್ತಿದಳು. ಮರಗಟ್ಟಿದ ಕೈ ಹಿಡಿತಕ್ಕೆ ಬರಲಿಲ್ಲ, ಕೊಡ ವಾಲಿತು. ಗುಂಪನ್ನು ಸೀಳಿಕೊಂಡು, ಚಪ್ಪಲಿ ಬದುವಿನ ಮೇಲೆ ಬಿಟ್ಟು ಓಡಿಬಂದ ಯಾರೋ ಆ ಕಡೆಯಿಂದ ಕೊಡವನ್ನು ಎರಡೂ ಕೈಯಲ್ಲಿ ತಡೆದರು. ತುಂಗಮ್ಮ.

"ನಿಧಾನ, ನಾ ಹಿಡ್ದೀನಿ. ಇಳಿಸ್ರಿ ಬೀಗ್ತಿ" ಎಂದಳು.

ಇಬ್ಬರೂ ಸೇರಿ ಅಮ್ಮನನ್ನು ಕಪ್ಪು ಮಣ್ಣಿನ ಮೇಲೆ ಇಳಿಸಿದರು. ಕಲ್ಲು ತರಲು ಗಂಡಸರು ಹಿತ್ತಲಿನ ಕಡೆ ಓಡಿದರು. ಗುಡ್ಡಮ್ಮ ನಿಲ್ಲಲಾರದೆ ಅಲ್ಲಿಯೇ ಕುಕ್ಕರಿಸಿದಳು. ತುಂಗಮ್ಮನೂ ಪಕ್ಕದಲ್ಲಿ ಕೂತು, ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು.

"ಹಸೆ ಯಾವಾಗ ಬರೀತೀರಿ?" ಎಂದು ಕೇಳಿದಳು ತುಂಗಮ್ಮ.

ಗುಡ್ಡಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು.

"ನಾಳೆ ಬೆಳಗ್ಗೆ ಬರೀತೀನಿ. ಇವತ್ತು ಕೈ ನಡುಗ್ತದೆ."